ಬೂಸಾ ವಾರ: ಮುದ್ದೇನಹಳ್ಳಿಯಿಂದ ಒಂದು ನೋಟ

ಮುದ್ದೇನಹಳ್ಳಿಗೆ ಬಂದವರಿಗೆಲ್ಲ ನಮ್ಮ ಜನ ಮೊದಲು ತೋರಿಸೋದು ವಿಶ್ವೇಶ್ವರಯ್ಯನವರ ಮನೆ, ಆಮೇಲೆ ಸಮಾಧಿ. ನಂದಿ ಬೆಟ್ಟದ ಕಡೆ ಮುಖ ಮಾಡಿ ನಿಂತರೆ ಸುತ್ತ ದ್ರಾಕ್ಷಿ ತೋಟ, ಹಿಪ್ಪುನೇರಳೆ ಹೊಲ, ಸಾವಿರ ಅಡಿ ಕೊರೆದರೂ ನೀರು ಸಿಗದ ಬೋರ್‌ವೆಲ್ಲುಗಳು. ಪ್ರತಿ ಸೆಪ್ಟೆಂಬರ್ 15ಕ್ಕೆ ಇಲ್ಲಿಗೆ ಕಾರುಗಳು ಬರುತ್ತವೆ, ಹಾರಗಳು ಬರುತ್ತವೆ. ಅಂದು ಎಂಜಿನಿಯರುಗಳ ದಿನ. ಸುತ್ತಮುತ್ತಲ ಕಾಲೇಜುಗಳಲ್ಲಿ ಅದು ಒಂದು ದಿನಕ್ಕೆ ಮುಗಿಯೋದಿಲ್ಲ, ವಾರ ಪೂರ್ತಿ ನಡೆಯುತ್ತದೆ. ಭಾಷಣ, ರಸಪ್ರಶ್ನೆ, ವಸ್ತುಪ್ರದರ್ಶನ, ಪ್ರಬಂಧ ಸ್ಪರ್ಧೆ. ಪ್ರಬಂಧದ ವಿಷಯ ವರ್ಷವರ್ಷವೂ ಹೆಚ್ಚುಕಮ್ಮಿ ಒಂದೇ: ಪ್ರತಿಭೆ ಮತ್ತು ಪರಿಶ್ರಮ.

ಅಂಥ ಒಂದು ವಾರದಲ್ಲಿ ಹಾಸ್ಟೆಲಿನ ನಾವು ಕೆಲವರು ಒಂದು ಸಣ್ಣ ಕೆಲಸ ಮಾಡಹೊರಟೆವು. ಪ್ರದರ್ಶನದ ಗೋಡೆಗೆ ಒಂದು ಹಾಳೆ ಅಂಟಿಸಬೇಕು, ಅದರಲ್ಲಿ ಎರಡೇ ಇಸವಿ ಇರಬೇಕು: 1918 ಮತ್ತು 1973. ಹಾಳೆ ಅಂಟಿಸುವ ಮೊದಲೇ ದೊಡ್ಡವರೊಬ್ಬರು ಕರೆದು, ‘ಒಳ್ಳೆ ದಿನ ನಡೀತಾ ಇದೆ, ಈಗ ಅದೆಲ್ಲಾ ಯಾಕ್ರಪ್ಪಾ?’ ಅಂದರು. ಬೈಯಲಿಲ್ಲ, ಹೊಡೆಯಲಿಲ್ಲ. ನಯವಾಗಿ ಹಾಳೆ ಮಡಿಸಿ ಕೈಗೆ ಕೊಟ್ಟರು. ಆ ಮಡಿಸಿದ ಹಾಳೆಯನ್ನೇ ನಾವಿಲ್ಲಿ ಬಿಚ್ಚುತ್ತಿದ್ದೇವೆ.

ಮೊದಲು 1918. ಆಗ ಮೈಸೂರಿನ ದಿವಾನರಾಗಿದ್ದವರು ನಮ್ಮೂರ ವಿಶ್ವೇಶ್ವರಯ್ಯನವರೇ. 1912ರಿಂದ ಆರು ವರ್ಷ ಅವರು ಮಾಡಿದ ಕೆಲಸವನ್ನು ಯಾರೂ ಅಲ್ಲಗಳೆಯಲಾರರು, ನಾವೂ ಅಲ್ಲಗಳೆಯೋದಿಲ್ಲ. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಆದರೆ ವಿಶ್ವವಿದ್ಯಾನಿಲಯದ ಬಾಗಿಲು ತೆರೆದ ಎರಡೇ ವರ್ಷಕ್ಕೆ ಬೇರೊಂದು ಪ್ರಶ್ನೆ ಎದ್ದು ನಿಂತಿತು. ಸರ್ಕಾರದ ಹುದ್ದೆಗಳೆಲ್ಲ ಒಂದೇ ಜಾತಿಯವರ ಕೈಯಲ್ಲಿ ಯಾಕಿವೆ ಎಂದು ಬ್ರಾಹ್ಮಣೇತರರು ಕೇಳಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಜಾತಿ ನೋಡಿ ಕೆಲಸ ಕೊಟ್ಟರೆ ಆಡಳಿತದ ದಕ್ಷತೆ ಕೆಡುತ್ತದೆ ಎಂಬುದು ದಿವಾನರ ನಿಲುವು. ಅದೇ ವರ್ಷದ ಕೊನೆಗೆ ಅವರು ಅಧಿಕಾರ ಬಿಟ್ಟರು. 1919ರಲ್ಲಿ ಮಿಲ್ಲರ್ ವರದಿ ಬಂತು, 1921ರಲ್ಲಿ ಆದೇಶವಾಯಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು ಎಂಬುದು ಅದರ ಸಾರ.

ಇಲ್ಲಿ ನಮಗೊಂದು ಮಾತು ಹೇಳಬೇಕೆನಿಸುತ್ತದೆ. ವಿಶ್ವೇಶ್ವರಯ್ಯನವರು ಬಡ ಹುಡುಗ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಓದಿ, ಬೆಂಗಳೂರಿಗೆ ಹೋಗಿ, ಬೇರೆಯವರ ಮಕ್ಕಳಿಗೆ ಮನೆಪಾಠ ಹೇಳಿ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮಾಡಿದರು. ಮುಂದೆ ಪುಣೆಯಲ್ಲಿ ಎಂಜಿನಿಯರಿಂಗ್ ಓದಲು ನೆರವಾದದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ. ಬಹಳ ಸರಿ. ಬಡ ಹುಡುಗನಿಗೆ ಸರ್ಕಾರ ಕೈ ಹಿಡಿಯಲೇಬೇಕು. ಮಹಾರ್ ಜಾತಿಯ ಇನ್ನೊಬ್ಬ ಹುಡುಗ 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದ. ಇಬ್ಬರಿಗೂ ಭಾರತರತ್ನ ಬಂತು, ಒಬ್ಬರಿಗೆ 1955ರಲ್ಲಿ, ಇನ್ನೊಬ್ಬರಿಗೆ ತೀರಿಕೊಂಡು ಮೂವತ್ತನಾಲ್ಕು ವರ್ಷ ಕಳೆದ ಮೇಲೆ 1990ರಲ್ಲಿ. ಇಬ್ಬರೂ ಸರ್ಕಾರದ ದುಡ್ಡಲ್ಲಿ ಓದಿದವರೇ. ಆದರೆ ನಮ್ಮ ಕಾಲೇಜುಗಳಲ್ಲಿ ಮೊದಲನೆಯದಕ್ಕೆ ಪ್ರತಿಭೆ ಅಂತ ಹೆಸರು, ನಮ್ಮ ಸ್ಕಾಲರ್‌ಶಿಪ್ಪಿಗೆ ‘ಪುಕ್ಕಟೆ’ ಅಂತ ಹೆಸರು. ಈ ಎರಡು ಹೆಸರು ಇಟ್ಟವರು ಯಾರು ಅಂತ ಕೇಳೋದೇ ನಮ್ಮ ಪಾಲಿಗೆ ಇತಿಹಾಸ.

ಈಗ 1973. ಅದೊಂದು ವಿಚಿತ್ರ ನವೆಂಬರು. ತಿಂಗಳ ಮೊದಲನೇ ತಾರೀಖು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ಊರೂರಲ್ಲಿ ಬಾವುಟ, ತೋರಣ, ತಾಯಿ ಭುವನೇಶ್ವರಿಯ ಮೆರವಣಿಗೆ. ಇದಾದ ಹದಿನೆಂಟು ದಿನಕ್ಕೆ, 19ನೇ ತಾರೀಖು ಸೋಮವಾರ, ಮೈಸೂರಿನಲ್ಲಿ ವಿದ್ಯಾರ್ಥಿಗಳೆದುರು ಒಬ್ಬ ಮಂತ್ರಿ ಮಾತಾಡಿದರು. ಹೆಸರು ಬಿ. ಬಸವಲಿಂಗಪ್ಪ. ದೇವರಾಜ ಅರಸರ ಸಂಪುಟದಲ್ಲಿದ್ದ ದಲಿತ ಮಂತ್ರಿ. ಮನುಷ್ಯನ ತಲೆಯ ಮೇಲೆ ಮನುಷ್ಯನ ಮಲ ಹೊರಿಸುವ ಪದ್ಧತಿ ನಿಲ್ಲಬೇಕೆಂದು ಪಟ್ಟು ಹಿಡಿದವರು. ಅವರು ಅಂದು, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತಾಡಿದರು. ಇಂಗ್ಲಿಷನ್ನೂ ಕಲಿಯಿರಿ ಎಂದರು.

ಅಷ್ಟೇ ಸಾಕಾಯಿತು. ಭಾಷಣದಲ್ಲಿದ್ದ ಬೇರೆಲ್ಲ ಮಾತು ಗಾಳಿಗೆ ಹೋಯಿತು, ಬೂಸಾ ಒಂದೇ ಉಳಿಯಿತು. ಮೈಸೂರು, ಬೆಂಗಳೂರುಗಳಲ್ಲಿ ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದರು. ಮಂತ್ರಿ ರಾಜೀನಾಮೆ ಕೊಡಬೇಕೆಂದು ಕೂಗಿದರು. ಕೂಗು ಅಷ್ಟಕ್ಕೇ ನಿಂತಿದ್ದರೆ ಅದು ಸಾಹಿತ್ಯದ ಜಗಳವಾಗಿ ಮುಗಿಯುತ್ತಿತ್ತು. ನಿಲ್ಲಲಿಲ್ಲ. ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಹಾಸ್ಟೆಲುಗಳ ಮೇಲೆ ದಾಳಿಯಾಯಿತು. ಮಾತಾಡಿದವರು ಮಂತ್ರಿ, ಏಟು ತಿಂದವರು ಮುದ್ದೆ ಉಣ್ಣಲು ತಟ್ಟೆ ಹಿಡಿದು ಸಾಲಲ್ಲಿ ನಿಂತ ಹುಡುಗರು. ಕನ್ನಡವನ್ನು ಕಾಪಾಡುತ್ತೇವೆಂದು ಹೊರಟವರು ಕನ್ನಡ ಬಿಟ್ಟರೆ ಬೇರೆ ಆಸ್ತಿಯೇ ಇಲ್ಲದವರ ಮೇಲೆ ಕಲ್ಲು ಬೀರಿದರು.

ಕಲ್ಲು ಹಿಡಿದವರು ಬ್ರಾಹ್ಮಣರ ಮಕ್ಕಳು ಮಾತ್ರ ಎಂದು ಯಾರಾದರೂ ತಿಳಿದಿದ್ದರೆ ಅದು ತಪ್ಪು. ಭೂಮಿಯುಳ್ಳ ಜಾತಿಗಳ ಮಕ್ಕಳೂ ಅಲ್ಲಿದ್ದರು. ಅಂದರೆ ಮಿಲ್ಲರ್ ಇಟ್ಟ ಏಣಿ ಹತ್ತಿ ಬಂದವರ ಮಕ್ಕಳು. ಅರ್ಹ ದಲಿತ ಅಭ್ಯರ್ಥಿ ಸಿಕ್ಕರೆ ಅವನಿಗೆ ಆದ್ಯತೆ ಕೊಡಿ ಎಂಬ ಮಾತು ಮಿಲ್ಲರ್ ವರದಿಯಲ್ಲೂ ಇತ್ತು. ಆದರೆ ಶಾಲೆಯ ಜಗಲಿಯನ್ನೇ ಹತ್ತಗೊಡದ ಊರಲ್ಲಿ ಅರ್ಹ ದಲಿತ ಎಲ್ಲಿಂದ ಸಿಗಬೇಕು? ಏಣಿಯ ಮೇಲಿನ ಮೆಟ್ಟಿಲು ತಲುಪಿದವರು ಕೆಳಗೆ ನೋಡಿದಾಗ, ಇನ್ನೊಬ್ಬನ ಕೈ ಮೊದಲ ಮೆಟ್ಟಿಲಿಗೆ ಬಂದದ್ದು ಕಂಡಿತು. 1973ರ ಆ ವಾರ ಅವರ ಕಾಲು ಆ ಕೈಯನ್ನು ಮೆಟ್ಟಿತು.

ಎಲ್ಲ ಬರಹಗಾರರೂ ಒಂದೇ ಕಡೆ ಇರಲಿಲ್ಲ ಎಂಬುದನ್ನೂ ಹೇಳಲೇಬೇಕು. ಕುವೆಂಪು ಬಸವಲಿಂಗಪ್ಪನವರ ಪರವಾಗಿ ನಿಂತರು. ಕನ್ನಡದ ಅತಿ ದೊಡ್ಡ ಕವಿಗೆ ಆ ಮಾತಿನಿಂದ ಅವಮಾನವಾಗಲಿಲ್ಲ. ಅವಮಾನವಾದದ್ದು ಒಂದು ಸಾಲೂ ಬರೆಯದವರಿಗೆ. ಆದರೂ ಬಸವಲಿಂಗಪ್ಪ ಮಂತ್ರಿಗಿರಿ ಬಿಡಬೇಕಾಯಿತು.

ನಾವು ಈ ಕಥೆಯನ್ನು ಮನೆಯಲ್ಲಿ ಹೇಳಿದಾಗ ಅವ್ವ ನಕ್ಕಳು. ನಮ್ಮ ಕಡೆ ಮನೆಮನೆಯಲ್ಲೂ ಡೈರಿಗೆ ಹಾಲು ಹಾಕುವವರು. ಬೂಸಾ ಮೂಟೆ ತಲೆಮೇಲೆ ಹೊತ್ತು ತರೋದು ಅವ್ವನದೇ ಕೆಲಸ. ‘ಬೂಸಾ ಅಂದ್ರೆ ಬೈಗುಳ ಹೆಂಗಾಯ್ತದೋ? ಅದು ತಿಂದೇ ಅಲ್ವಾ ಹಸು ಹಾಲು ಕೊಡೋದು?’ ಅಂದಳು. ನಾವು ಸುಮ್ಮನಾದೆವು. ಬೂಸಾದ ಬೆಲೆ ಗೊತ್ತಿರೋದು ಮೂಟೆ ಹೊರುವವರಿಗೆ. ಬಸವಲಿಂಗಪ್ಪ ಹೇಳಿದ್ದು ಇಷ್ಟೇ ಇರಬೇಕು: ದನಕ್ಕೆ ಹಾಕುವುದನ್ನು ಮನುಷ್ಯರ ತಟ್ಟೆಗೆ ಬಡಿಸಿ ಹಸಿವು ತೀರಿತು ಅನ್ನಬೇಡಿ.

ಇನ್ನು ಭಾಷೆಯ ಮಾತು. ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟ ಸೀಮೆಯ ನಮ್ಮ ಎಷ್ಟೋ ಕೇರಿಗಳಲ್ಲಿ ಒಲೆಯ ಮುಂದೆ ತೆಲುಗು, ಶಾಲೆಯಲ್ಲಿ ಕನ್ನಡ, ಕಾಲೇಜಿಗೆ ಹೋದರೆ ಇಂಗ್ಲಿಷು. ಮೂರೂ ಕಡೆ ತಡವರಿಸಿದವರು ನಾವು. ಶಾಲೆಯಲ್ಲಿ ‘ನಿನ್ನ ಕನ್ನಡ ಸರಿಯಿಲ್ಲ’ ಅಂದರು, ಕಾಲೇಜಲ್ಲಿ ‘ನಿನಗೆ ಇಂಗ್ಲಿಷೇ ಬರಲ್ಲ’ ಅಂದರು. ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿ, ನಮಗೆ ಮಾತ್ರ ತಾಯ್ನುಡಿಯ ಪ್ರೇಮ ಬೋಧಿಸುವವರು 1973ರಲ್ಲೂ ಇದ್ದರು, ಈಗಲೂ ಇದ್ದಾರೆ. ಇಂಗ್ಲಿಷು ಬೇಕು ಅಂದವನು ಕನ್ನಡದ ಶತ್ರು ಅಲ್ಲ. ಹಾಗಂತ ನಾವು ಕನ್ನಡ ಬಿಡೋದೂ ಇಲ್ಲ. ಈ ಬರಹ ಬರೆಯುತ್ತಿರೋದು ಕನ್ನಡದಲ್ಲೇ.

ಏಟು ತಿಂದವರು ಏನು ಮಾಡಿದರು? ಇದು ಮುಖ್ಯ. ಅವರು ಬರೆದರು. ಅದೇ 1973ರಲ್ಲಿ ದೇವನೂರ ಮಹಾದೇವರ ‘ದ್ಯಾವನೂರು’ ಬಂತು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಬೂಸಾ ಎಂದರೆ ಏನೆಂದು ಕೇಳಿದವರಿಗೆ, ಬೂಸಾ ಅಲ್ಲದ್ದು ಹೇಗಿರುತ್ತದೆಂದು ಬರೆದು ತೋರಿಸಿದರು. ಬರೆದಷ್ಟಕ್ಕೇ ಸುಮ್ಮನಾಗಲೂ ಇಲ್ಲ, ಸಂಘಟನೆ ಕಟ್ಟಿದರು. ಭದ್ರಾವತಿಯಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಬಿ. ಕೃಷ್ಣಪ್ಪ ಮತ್ತು ಗೆಳೆಯರು 1974-75ರ ಹೊತ್ತಿಗೆ ದಲಿತ ಸಂಘರ್ಷ ಸಮಿತಿಗೆ ಅಡಿಪಾಯ ಹಾಕಿದರು. ಭದ್ರಾವತಿ ಎಂದರೆ ವಿಶ್ವೇಶ್ವರಯ್ಯನವರು ಕನಸು ಕಂಡ, ಈಗ ಅವರದೇ ಹೆಸರಿರುವ ಕಬ್ಬಿಣದ ಕಾರ್ಖಾನೆಯ ಊರು. ಕಬ್ಬಿಣ ಕಾಯಿಸಲು ಕಟ್ಟಿದ ಊರಲ್ಲಿ ಮನುಷ್ಯರೂ ಕಾದರು. 1979ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆಯ ಸಮ್ಮೇಳನವಾಯಿತು. ಇವೆಲ್ಲ ಒಂದೇ ವಾರದಿಂದ ಹುಟ್ಟಿದವು ಅಂದರೆ ಸುಳ್ಳಾಗುತ್ತದೆ. ಅಂಬೇಡ್ಕರ್ ಇದ್ದರು, ಹಾಸ್ಟೆಲುಗಳಿದ್ದವು, ಸಾಲ ಮಾಡಿ ಓದಿಸಿದ ಅಪ್ಪ ಅವ್ವ ಇದ್ದರು. ಹುಲ್ಲು ಒಣಗಿ ನಿಂತಿತ್ತು. ಆ ವಾರ ಅದಕ್ಕೆ ಕಿಡಿ ತಗುಲಿತು.

ಆ ಕಾಲದ ಬಗ್ಗೆ ಓದುವಾಗ ನಮಗೆ ಕೊರತೆಯೊಂದು ಕಾಣುತ್ತದೆ. ಸಿದ್ಧಲಿಂಗಯ್ಯನವರು ‘ಊರುಕೇರಿ’ಯಲ್ಲಿ ಬರೆದರು, ಇನ್ನೂ ಕೆಲವರು ಬರೆದರು. ಬರೆಯದೇ ಹೋದವರೇ ಹೆಚ್ಚು. ತಲೆ ಒಡೆಸಿಕೊಂಡು ಊರಿಗೆ ಹೋಗಿ ಮತ್ತೆ ಕಾಲೇಜಿಗೆ ಬಾರದ ಹುಡುಗ ಎಲ್ಲಿದ್ದಾನೆ? ಆಗ ಓದುತ್ತಿದ್ದ ನಮ್ಮ ಅಕ್ಕಂದಿರು ಏನು ಕಂಡರು? ಇವರಿಗೆಲ್ಲ ಈಗ ಎಪ್ಪತ್ತು ದಾಟಿರಬೇಕು. ಸಿದ್ಧಲಿಂಗಯ್ಯನವರು 2021ರಲ್ಲಿ ನಮ್ಮನ್ನು ಬಿಟ್ಟು ಹೋದರು. ಉಳಿದವರ ಮಾತನ್ನು ನಾವು ಈಗ ಬರೆದುಕೊಳ್ಳದಿದ್ದರೆ, ಮುಂದೆ ಈ ವಾರದ ಇತಿಹಾಸವನ್ನು ಕಲ್ಲು ಬೀರಿದವರ ಮೊಮ್ಮಕ್ಕಳು ಬರೆಯುತ್ತಾರೆ.

ಹಳೇ ಗಾಯ ಯಾಕೆ ಕೆದಕುತ್ತೀರಿ ಅಂತ ಕೇಳುವವರಿಗೆ ನಮ್ಮ ಸೀಮೆಯದೇ ಒಂದು ಊರಿನ ಹೆಸರು ಹೇಳುತ್ತೇವೆ: ಕಂಬಾಲಪಲ್ಲಿ. ಚಿಂತಾಮಣಿ ತಾಲ್ಲೂಕು. 2000ದ ಮಾರ್ಚ್ 11ರಂದು ಅಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಆರೋಪಿಗಳು ಕೋರ್ಟಿನಲ್ಲಿ ಬಿಡುಗಡೆಯಾದರು. 1973ರಲ್ಲಿ ಮಂತ್ರಿಯ ಒಂದು ಮಾತಿಗೆ ಕಾಲೇಜುಗಳೆಲ್ಲ ಬೀದಿಗೆ ಬಂದಿದ್ದವು. ಏಳು ಹೆಣಗಳಿಗೆ ಎಷ್ಟು ತರಗತಿ ನಿಂತವು? ಯಾವ ಮಾತಿಗೆ ಒಂದು ನಾಡಿಗೆ ನೋವಾಗುತ್ತದೆ, ಯಾವ ಸಾವಿಗೆ ಆಗೋದಿಲ್ಲ ಎಂಬುದನ್ನು ನೋಡಿದರೆ ಆ ನಾಡಿನ ಜಾತಿ ಗೊತ್ತಾಗುತ್ತದೆ.

ಗೆಳೆಯರೇ, ಮುದ್ದೇನಹಳ್ಳಿಯ ಸಮಾಧಿಗೆ ನಾವೂ ಹೋಗುತ್ತೇವೆ. ಕಾಲುವೆ, ಕಾರ್ಖಾನೆ, ವಿಶ್ವವಿದ್ಯಾನಿಲಯ ಕಟ್ಟಿಸಿದವರಿಗೆ ನಮ್ಮ ಗೌರವ ಇದೆ. ಕಲ್ಲು ಹೊತ್ತು ಕಟ್ಟಿದವರಿಗೆ ಅದಕ್ಕಿಂತ ಒಂದು ಹಿಡಿ ಹೆಚ್ಚು ಇದೆ, ಯಾಕೆಂದರೆ ಅವರಿಗೆ ಸಮಾಧಿ ಇಲ್ಲ. ಸೆಪ್ಟೆಂಬರಿನ ವಾರ ನಡೆಯಲಿ. ಅದರ ಜೊತೆಗೆ ನವೆಂಬರಿನಲ್ಲೂ ಒಂದು ವಾರ ಇರಲಿ. ರಾಜ್ಯೋತ್ಸವದ ತೋರಣ ಬಾಡುವ ಹೊತ್ತಿಗೆ, 19ನೇ ತಾರೀಖಿನಿಂದ ಏಳು ದಿನ, ಪ್ರತಿ ಹಾಸ್ಟೆಲಿನಲ್ಲಿ ಒಬ್ಬ ಹಿರಿಯರನ್ನು ಕರೆಸಿ ಕೂರಿಸಿ ಅವರ ಮಾತು ಕೇಳೋಣ. ಹಾರ ಬೇಡ, ಮೈಕು ಬೇಡ. ಒಂದು ನೋಟ್‌ಬುಕ್ಕು, ಒಂದು ಪೆನ್ನು ಇದ್ದರೆ ಸಾಕು.

ಆ ಮಡಿಸಿದ ಹಾಳೆ ಇನ್ನೂ ನಮ್ಮ ಹತ್ತಿರವೇ ಇದೆ. ಈ ಸಲ ಗೋಡೆ ಕೇಳೋದಿಲ್ಲ.