ದರಿಯಾ ದೌಲತ್ ವಸ್ತುಸಂಗ್ರಹಾಲಯ, ಶ್ರೀರಂಗಪಟ್ಟಣ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ, ಕೋಟೆಯ ಹೊರಗೆ ಕಾವೇರಿ ದಂಡೆಯ ತೋಟದ ನಡುವೆ ಇರುವ ಬೇಸಿಗೆ ಅರಮನೆ ಹಾಗೂ ಚಿತ್ರಸಂಗ್ರಹಾಲಯ. ಮೈಸೂರಿನ ದೊರೆ ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ಈ ಕಟ್ಟಡದಲ್ಲಿ ತೇಗದ ಮರದ ಬಳಕೆ ಹೆಚ್ಚು. ಎತ್ತರದ ಜಗತಿ, ಸುತ್ತಲೂ ಕಂಬಸಾಲಿನ ಮೊಗಸಾಲೆ ಇದರ ಲಕ್ಷಣ. 1799ರಲ್ಲಿ ಬ್ರಿಟಿಷರ ಮುತ್ತಿಗೆಯಲ್ಲಿ ಟಿಪ್ಪು ಮಡಿದ ಬಳಿಕ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಇಲ್ಲಿ ವಾಸವಾಗಿದ್ದ. ಸಂಗ್ರಹಾಲಯವಾದದ್ದು 1959ರಲ್ಲಿ, ನಿರ್ವಹಣೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯದು.

ಇಲ್ಲಿನ ಮುಖ್ಯ ಕಲಾಸಂಪತ್ತು ಗೋಡೆಗಳೇ. ಪಶ್ಚಿಮ ಗೋಡೆಯ ಒಂದು ಭಾಗದಲ್ಲಿ ಟಿಪ್ಪು ಹಾಗೂ ಅವನ ತಂದೆ ಹೈದರ್ ಅಲಿಯ ಸೇನಾ ಮೆರವಣಿಗೆಯಿದೆ. ಇನ್ನೊಂದರಲ್ಲಿ ಬ್ರಿಟಿಷ್ ಕರ್ನಲ್ ಬೈಲಿಯ ಪಡೆ ಮೈಸೂರಿನ ಸೇನೆಗೆ ಸೋತ 1780ರ ಪೊಲ್ಲಿಲೂರು ಕದನ. ಪಲ್ಲಕ್ಕಿಯಲ್ಲಿ ಕುಳಿತ ಬೈಲಿ, ಸಿಡಿಯುವ ಮದ್ದಿನ ಬಂಡಿ, ಒತ್ತೊತ್ತಾಗಿ ನಿಂತ ಕುದುರೆ ಸವಾರರು ಯುರೋಪಿನ ಯಥಾದೃಷ್ಟಿ ನಿಯಮಕ್ಕೆ ಕಟ್ಟುಬೀಳದೆ ಸಾಲುಸಾಲಾಗಿ ಮೂಡಿದ್ದಾರೆ. ಯುದ್ಧದ ಗದ್ದಲ ದಟ್ಟವಾಗಿ ತಟ್ಟುವುದು ಈ ಕ್ರಮದಿಂದಲೇ. ಪೂರ್ವ ಗೋಡೆಯಲ್ಲಿ ಅರಸರ, ಪಾಳೆಯಗಾರರ ಒಡ್ಡೋಲಗಗಳಿವೆ. 19ನೇ ಶತಮಾನದ ನಡುವೆ ಗವರ್ನರ್ ಜನರಲ್ ಲಾರ್ಡ್ ಡಾಲ್‌ಹೌಸಿಯ ಆದೇಶದಂತೆ ಚಿತ್ರಗಳನ್ನು ಮತ್ತೆ ಬರೆಸಿದ್ದರಿಂದ ಇಂದು ಕಾಣುವ ಬಣ್ಣವೆಲ್ಲ ಟಿಪ್ಪುವಿನ ಕಾಲದ್ದೆನ್ನಲಾಗದು.

ಒಳಗಿನ ಸಂಗ್ರಹದಲ್ಲಿ ಥಾಮಸ್ ಹಿಕಿ ರಚಿಸಿದ ಟಿಪ್ಪುವಿನ ಮಕ್ಕಳ ಭಾವಚಿತ್ರಗಳು, ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಕುರಿತ ಚಿತ್ರಗಳು, ಮುದ್ರಿತ ಚಿತ್ರಗಳು ಹಾಗೂ ನಾಣ್ಯಗಳಿವೆ. ಮುತ್ತಿಗೆಯ ಚಿತ್ರಗಳು ಗೆದ್ದವರ ಕಣ್ಣಿನವು, ಹೊರಗೋಡೆಯ ಕದನಚಿತ್ರ ಮೈಸೂರಿನ ಕಣ್ಣಿನದು. ಎರಡೂ ಒಂದೇ ಸೂರಿನಡಿ ಉಳಿದಿರುವುದು ಅಪರೂಪ.