ನಾಲ್ಕು ರಾಜಧಾನಿಗಳ ನಡುವಿನ ಕಮಲಾಪುರ

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೊರಟವರಿಗೆ 30 ಕಿ.ಮೀ.ಗೂ ಹೆಚ್ಚು ದೂರ ಕ್ರಮಿಸಿದ ನಂತರ ನೆಲದ ಸ್ವರೂಪವೇ ಬದಲಾಗುವುದು ಕಾಣುತ್ತದೆ. ತೊಗರಿ, ಜೋಳ ಬೆಳೆಯುವ ಎರೆ ಹೊಲಗಳ ಬಯಲು ಹಿಂದೆ ಸರಿದು, ಗುಡ್ಡಗಳು, ಅವುಗಳ ನಡುವಿನ ತಗ್ಗುಗಳು ಎದುರಾಗುತ್ತವೆ. ಆ ತಗ್ಗಿನಲ್ಲಿರುವ ಊರೇ ಕಮಲಾಪುರ. ಯಾವ ಅರಸನಿಗೂ ರಾಜಧಾನಿಯಾಗದ ಈ ಊರಿನ ಸುತ್ತ ಮಾತ್ರ ನಾಲ್ಕು ರಾಜಧಾನಿಗಳಿದ್ದವು.

ದಕ್ಷಿಣಕ್ಕೆ ಕಾಗಿಣಾ ದಂಡೆಯ ಮಳಖೇಡ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೇ ಶತಮಾನದಲ್ಲಿ, ಅದು ರಾಷ್ಟ್ರಕೂಟರ ಮಾನ್ಯಖೇಟ. ಉತ್ತರಕ್ಕೆ 11ನೇ ಶತಮಾನದಲ್ಲಿ ಚಾಲುಕ್ಯರ ರಾಜಧಾನಿಯಾದ ಕಲ್ಯಾಣ. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದಾಗ ಕಲಬುರಗಿಗೆ ಆ ಪಟ್ಟ ದೊರೆಯಿತು. 1422ರಲ್ಲಿ ಸಿಂಹಾಸನವೇರಿದ ಅಹಮದ್ ಷಾ ಮುಂದೆ ರಾಜಧಾನಿಯನ್ನು ಬೀದರಿಗೆ ವರ್ಗಾಯಿಸಿದ. ಹೀಗೆ ಹಳೆಯ ರಾಜಧಾನಿಗೂ ಹೊಸ ರಾಜಧಾನಿಗೂ ನಡುವಿನ ಸೀಮೆಯಾಯಿತು ಕಮಲಾಪುರ. ಈ ಸೀಮೆಯ ಹೊಳಕುಂದಾ ಗ್ರಾಮದ ಏಳು ಗುಮ್ಮಟಗಳು ಇಂದಿಗೂ ಬಹಮನಿ ಕಾಲದ ಕುರುಹಾಗಿ ನಿಂತಿವೆ.

ಈ ಏರಿಳಿತಕ್ಕೆ ಕಾರಣ ಭೂಗರ್ಭದ ಇತಿಹಾಸದಲ್ಲಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಪದರಪದರವಾಗಿ ಹೆಪ್ಪುಗಟ್ಟಿ ದಖ್ಖನ್ನಿನ ಕಪ್ಪುಶಿಲೆಯಾಯಿತು. ಬೀದರ್ ಪ್ರಸ್ಥಭೂಮಿ ಕಲಬುರಗಿಗಿಂತ ನೂರಕ್ಕೂ ಹೆಚ್ಚು ಮೀಟರ್ ಎತ್ತರದಲ್ಲಿದೆ. ಆ ಏರಿನ ಮೆಟ್ಟಿಲುಗಳಲ್ಲಿ ಒಂದು ಕಮಲಾಪುರ. ಇಲ್ಲಿನ ಹಳ್ಳಗಳ ನೀರು ಬೆಣ್ಣೆತೊರಾ, ಕಾಗಿಣಾ, ಭೀಮಾ ನದಿಗಳ ಮೂಲಕ ಕೃಷ್ಣೆಯನ್ನು ಸೇರಿದರೆ, ಉತ್ತರದ ಕಾರಂಜಾ ಹೊಳೆಯ ನೀರು ಮಾಂಜ್ರಾ ಮೂಲಕ ಗೋದಾವರಿಗೆ ಹೋಗುತ್ತದೆ. ಎರಡೂ ಮಹಾನದಿಗಳ ಪಾಲು ಬೇರೆಯಾಗುವುದು ಈ ಎತ್ತರದ ನೆಲದಲ್ಲೇ.

ಕಮಲಾಪುರದ ಹೆಸರನ್ನು ಹೊರಗಿನವರಿಗೆ ಪರಿಚಯಿಸಿದ್ದು ಕೋಟೆಯಲ್ಲ, ಗುಡಿಯಲ್ಲ; ಕೆಂಪು ಬಾಳೆ. ಸಿಪ್ಪೆ ಕೆಂಪು, ತಿರುಳು ಕೆನೆಬಣ್ಣ. ನಾಟಿ ಮಾಡಿದ ಗಿಡ ಫಲ ಕೊಡಲು ಸುಮಾರು 18 ತಿಂಗಳು ಬೇಕು. ಆದ್ದರಿಂದಲೇ ಇದು ದುಬಾರಿ. ‘ಶ್ರೀಮಂತರ ಹಣ್ಣು’ ಎಂಬ ಮಾತು ಹುಟ್ಟಿದ್ದೂ ಹಾಗೆಯೇ. ಕಮಲಾಪುರದ ಕಣಿವೆಯ ಮಣ್ಣು ಮತ್ತು ಹವೆಗೆ ಈ ತಳಿ ಒಗ್ಗಿಕೊಂಡಿರುವುದರಿಂದ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಬೇರೆಡೆ ಬೆಳೆದ ಕೆಂಪು ಬಾಳೆಯನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ.

ಆಡಳಿತದಲ್ಲಿ ಮಾತ್ರ ಊರಿನ ಹೆಸರು ಉಳಿದದ್ದೂ ಉಂಟು, ಅಳಿದದ್ದೂ ಉಂಟು. 1948ರ ಸೆಪ್ಟೆಂಬರಿನವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ಈ ಪ್ರದೇಶ, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಕಮಲಾಪುರ ಗುಲ್ಬರ್ಗ ತಾಲ್ಲೂಕಿನ ಹೋಬಳಿಯಾಗಿಯೇ ಮುಂದುವರಿಯಿತು. ಇದೇ ಹೆಸರಿನ ವಿಧಾನಸಭಾ ಕ್ಷೇತ್ರವಿತ್ತು. 2008ರ ಪುನರ್ವಿಂಗಡಣೆಯ ನಂತರ ಅದು ಗುಲ್ಬರ್ಗ ಗ್ರಾಮೀಣ ಕ್ಷೇತ್ರವಾಯಿತು. ಹತ್ತು ವರ್ಷ ಕಳೆದು 2018ರಲ್ಲಿ ಕಮಲಾಪುರ ತಾಲ್ಲೂಕು ಕೇಂದ್ರವಾಯಿತು. ಅದಕ್ಕೆ ಸ್ವಲ್ಪ ಮೊದಲು, 2017ರ ಅಕ್ಟೋಬರಿನಲ್ಲಿ, ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಗೊಂಡಿತ್ತು. ಬಂಡಿಗಳು ಹತ್ತಿದ ಏರನ್ನು ದಾಟಲು ರೈಲಿಗೆ ಮರಗುತ್ತಿ ಬಳಿ ಸುರಂಗವನ್ನೇ ಕೊರೆಯಬೇಕಾಯಿತು.

ಕಚೇರಿ ಬಂತು, ರೈಲೂ ಬಂತು. ಆದರೆ ಬಾಳೆತೋಟಗಳು ಕಡಿಮೆಯಾಗುತ್ತಿವೆ. ಒಂದೂವರೆ ವರ್ಷ ನೀರುಣಿಸಿ ಕಾಯುವ ಬದಲು ಬೇಗ ಕೈಗೆ ಹಣ ಬರುವ ಬೆಳೆಗಳತ್ತ ರೈತರು ಹೊರಳಿದ್ದಾರೆ. ಬೆಳಕೋಟಾ ಬಳಿ ಗಂಡೋರಿ ನಾಲಾ ಜಲಾಶಯವಿದ್ದರೂ ಪ್ರತಿ ತೋಟಕ್ಕೂ ಅದರ ನೀರು ಮುಟ್ಟುವಂತಿಲ್ಲ. ಭೌಗೋಳಿಕ ಗುರುತು ಹೆಸರನ್ನು ಕಾಯಬಲ್ಲದೇ ಹೊರತು ಗಿಡವನ್ನು ಕಾಯಲಾರದು. ಕ್ಷೇತ್ರದ ಹೆಸರು ಹೋದಾಗ ಊರಿಗೆ ತಾಲ್ಲೂಕಿನ ಹೆಸರು ಬಂದಿತು. ಕೆಂಪು ಬಾಳೆ ಹೋದರೆ ಅದರ ಸ್ಥಾನ ತುಂಬಲು ಯಾವ ಸರ್ಕಾರಿ ಆದೇಶವೂ ಸಾಲದು.