ಕರಾವಳಿಯ ಮನೆಗಳಲ್ಲಿ ಪರದೆಗಳ ಶುಚಿತ್ವ ಮತ್ತು ಆರೈಕೆ: ಮಳೆಗಾಲಕ್ಕೆ ಮುನ್ನ ತಿಳಿದಿರಬೇಕಾದ ಸಂಗತಿಗಳು

ಉಡುಪಿ: ಮನೆಯ ಅಂದವನ್ನು ಹೆಚ್ಚಿಸುವಲ್ಲಿ ಕಿಟಕಿ-ಬಾಗಿಲುಗಳ ಪರದೆಗಳ ಪಾತ್ರ ಹಿರಿದು. ಆದರೆ ಮನೆಯಲ್ಲಿ ಅತಿ ಹೆಚ್ಚು ಧೂಳು ಹಿಡಿಯುವ ಹಾಗೂ ಅತಿ ಕಡಿಮೆ ಒಗೆಯಲ್ಪಡುವ ಬಟ್ಟೆಯೂ ಇದೇ ಆಗಿದೆ. ಹೊದಿಕೆ, ಹಾಸಿಗೆ ಬಟ್ಟೆಗಳನ್ನು ವಾರಕ್ಕೊಮ್ಮೆ ಒಗೆಯುವ ಮನೆಗಳಲ್ಲಿಯೂ ಪರದೆಗಳು ಹಬ್ಬದಿಂದ ಹಬ್ಬದವರೆಗೆ ತೂಗಾಡುತ್ತಲೇ ಇರುತ್ತವೆ. ಒಣಹವೆಯ ಊರುಗಳಲ್ಲಿ ಇದರಿಂದ ಹೆಚ್ಚಿನ ಹಾನಿಯಾಗದಿರಬಹುದು. ಆದರೆ ವರ್ಷಕ್ಕೆ ಸರಾಸರಿ 4,000 ಮಿ.ಮೀ.ಗೂ ಅಧಿಕ ಮಳೆ ಸುರಿಯುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಂದುಬಿಡುವ ಉಡುಪಿ ಜಿಲ್ಲೆಯಲ್ಲಿ ಸ್ಥಿತಿ ಬೇರೆ. ಇಲ್ಲಿ ಧೂಳಿನೊಂದಿಗೆ ತೇವವೂ ಸೇರಿ ಪರದೆಯೇ ಬೂಷ್ಟಿನ ತಾಣವಾಗುತ್ತದೆ. ಉಬ್ಬಸ, ಶೀತದ ಅಲರ್ಜಿ ಇರುವ ಮಕ್ಕಳು ಹಾಗೂ ವೃದ್ಧರಿರುವ ಮನೆಯಲ್ಲಿ ಇದನ್ನು ಅಲಕ್ಷಿಸುವಂತಿಲ್ಲ.

ಊರಿಗೊಂದು ಸಮಸ್ಯೆ

ಒಂದೇ ಜಿಲ್ಲೆಯಾದರೂ ಪರದೆಗಳಿಗೆ ಎದುರಾಗುವ ತೊಂದರೆ ಎಲ್ಲೆಡೆ ಒಂದೇ ತೆರನಾಗಿಲ್ಲ. ಸಮುದ್ರಕ್ಕೆ ತಾಗಿಕೊಂಡಿರುವ ಕಾಪುವಿನಲ್ಲಿ ಉಪ್ಪಿನಂಶವುಳ್ಳ ಗಾಳಿ ಕಬ್ಬಿಣದ ರಾಡು, ಕೊಕ್ಕೆ, ಬಳೆಗಳನ್ನು ಬೇಗನೆ ತುಕ್ಕು ಹಿಡಿಸುತ್ತದೆ. ಆ ತುಕ್ಕಿನ ಕಲೆ ಬಟ್ಟೆಗೆ ಇಳಿದರೆ ತೆಗೆಯುವುದು ಕಷ್ಟ. ಉಪ್ಪು ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಕಡಲಬದಿಯ ಪರದೆಗಳು ಮುಟ್ಟಿದರೆ ಸದಾ ಅಂಟಂಟಾಗಿರುತ್ತವೆ. ರಾಷ್ಟ್ರೀಯ ಹೆದ್ದಾರಿ 66ರ ಅಂಚಿನ ಮನೆಗಳಿಗೆ ವಾಹನಗಳ ಹೊಗೆ-ಧೂಳಿನ ಹಾವಳಿ ಬೇರೆ.

ಪಶ್ಚಿಮಘಟ್ಟದ ತಪ್ಪಲಿನಲ್ಲಿರುವ ಕಾರ್ಕಳದಲ್ಲಿ ಮಳೆಯ ಆರ್ಭಟ ಇನ್ನೂ ಹೆಚ್ಚು. ಮರಗಿಡಗಳ ನಡುವಿನ ಮನೆಗಳಿಗೆ ಮಳೆಗಾಲದಲ್ಲಿ ಬಿಸಿಲೇ ತಾಗುವುದಿಲ್ಲ. 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದ ಬಳಿಕ ಬೆಳೆದುನಿಂತ ಮಣಿಪಾಲದಲ್ಲಿ ವಸತಿ ಸಮುಚ್ಚಯಗಳು ಹೆಚ್ಚು. ಅಲ್ಲಿ ಒಗೆಯುವುದಕ್ಕೆ ಯಂತ್ರವಿದ್ದರೂ ಏಳು ಅಡಿ ಉದ್ದದ ಪರದೆಯನ್ನು ಒಣಹಾಕಲು ಸ್ಥಳವಿರುವುದಿಲ್ಲ. ಉಡುಪಿ ನಗರದ ಹಳೆಯ ಮನೆಗಳಲ್ಲಿ ಜಗಲಿ, ಚಾವಡಿಗಳ ಅನುಕೂಲವಿದ್ದರೂ ಗೋಡೆಯ ತೇವ ಕಾಡುತ್ತದೆ.

ಯಾವಾಗ ಒಗೆಯಬೇಕು?

ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಒಗೆಯುವುದು ಉತ್ತಮವೆನ್ನಲಾಗುತ್ತದೆ. ಆದರೆ ಕರಾವಳಿಯಲ್ಲಿ ದಿನದರ್ಶಿಕೆಗಿಂತ ಹವೆಯನ್ನು ಅನುಸರಿಸುವುದೇ ಸೂಕ್ತ. ತುಳುವರ ಬೇಷ ತಿಂಗಳ ಹತ್ತನೆಯ ದಿನವಾದ ಪತ್ತನಾಜೆ ಮೇ ತಿಂಗಳ ಕೊನೆಯ ಭಾಗದಲ್ಲಿ ಬರುತ್ತದೆ. ಅದರೊಂದಿಗೆ ಯಕ್ಷಗಾನ ಮೇಳಗಳ ತಿರುಗಾಟವೂ ಕೋಲ-ನೇಮಗಳೂ ನಿಲ್ಲುತ್ತವೆ. ಮಳೆ ಸಮೀಪಿಸಿದೆ ಎಂಬುದಕ್ಕೆ ಇದೇ ಸೂಚನೆ. ಪರದೆಗಳ ದೊಡ್ಡ ಒಗೆತವೂ ಅಷ್ಟರೊಳಗೆ ಮುಗಿಯಬೇಕು. ಕೊಳೆ ಹಾಗೂ ಬೆವರಿನ ಅಂಶ ಉಳಿದ ಬಟ್ಟೆಯಲ್ಲಿ ಬೂಷ್ಟು ಬೇಗ ಬೆಳೆಯುವುದರಿಂದ ಮಳೆಗಾಲವನ್ನು ಶುಭ್ರ ಪರದೆಯೊಂದಿಗೆ ಪ್ರವೇಶಿಸುವುದು ಜಾಣತನ.

ಆಟಿಯ ಜಡಿಮಳೆಯಲ್ಲಿ ದಪ್ಪ ಪರದೆಗಳನ್ನು ಒಗೆಯುವ ಸಾಹಸ ಬೇಡ. ಸಾಧ್ಯವಿದ್ದರೆ ಅವುಗಳನ್ನು ಬಿಚ್ಚಿ, ಚೆನ್ನಾಗಿ ಒಣಗಿಸಿ ತೆಗೆದಿರಿಸಿ, ಆ ನಾಲ್ಕು ತಿಂಗಳು ಬೇಗ ಒಣಗುವ ತೆಳು ಪಾಲಿಯೆಸ್ಟರ್ ಪರದೆಗಳನ್ನು ಹಾಕಬಹುದು. ಸೋಣ ತಿಂಗಳಲ್ಲಿ ಮಳೆಯ ನಡುವೆ ಬಿಸಿಲು ಇಣುಕಿದಾಗ ತೆಳು ಪರದೆಗಳನ್ನು ಒಗೆದು, ದೀಪಾವಳಿಗೆ ಮುನ್ನ ಮತ್ತೊಮ್ಮೆ ದೊಡ್ಡ ಒಗೆತ ನಡೆಸಿದರೆ ವರ್ಷದ ಲೆಕ್ಕ ಸರಿಹೋಗುತ್ತದೆ. ಈ ನಡುವೆ ವಾರಕ್ಕೊಮ್ಮೆ ಪರದೆಯನ್ನು ಕೊಡವುವುದು ಅಥವಾ ವ್ಯಾಕ್ಯೂಮ್ ಕ್ಲೀನರ್‌ನಿಂದ ಮೇಲಿನಿಂದ ಕೆಳಕ್ಕೆ ಧೂಳು ತೆಗೆಯುವುದು ಅವಶ್ಯ.

ಬಟ್ಟೆಯ ಗುಣ ಅರಿತು ಒಗೆಯಿರಿ

ಒಗೆಯುವ ಮುನ್ನ ಪರದೆಯ ಅಂಚಿನಲ್ಲಿರುವ ಚೀಟಿಯನ್ನು ಗಮನಿಸಬೇಕು. ಅದರಲ್ಲಿನ ತೊಟ್ಟಿಯ ಚಿತ್ರ ನೀರಿನಲ್ಲಿ ಒಗೆಯುವುದನ್ನೂ, ತ್ರಿಕೋನ ಬ್ಲೀಚನ್ನೂ, ಚೌಕ ಒಣಗಿಸುವಿಕೆಯನ್ನೂ, ವೃತ್ತ ಡ್ರೈಕ್ಲೀನಿಂಗನ್ನೂ ಸೂಚಿಸುತ್ತದೆ. ಚಿತ್ರದ ಮೇಲೆ ಅಡ್ಡಗೀಟು ಇದ್ದರೆ ಅದನ್ನು ಮಾಡಕೂಡದು ಎಂದರ್ಥ. ಇಸ್ತ್ರಿಪೆಟ್ಟಿಗೆಯ ಚಿತ್ರದೊಳಗೆ ಒಂದು ಚುಕ್ಕೆಯಿದ್ದರೆ 110, ಎರಡಿದ್ದರೆ 150, ಮೂರಿದ್ದರೆ 200 ಡಿಗ್ರಿ ಸೆಲ್ಸಿಯಸ್‌ವರೆಗಿನ ಶಾಖ ನೀಡಬಹುದು.

ಹತ್ತಿ: ಮೊದಲ ಒಗೆತದಲ್ಲಿ ಶೇ. 3ರಿಂದ 5ರಷ್ಟು ಕುಗ್ಗಬಹುದು. ಅಂದರೆ ಏಳು ಅಡಿಯ ಪರದೆ ಎರಡೂವರೆಯಿಂದ ನಾಲ್ಕು ಅಂಗುಲದಷ್ಟು ಗಿಡ್ಡವಾದೀತು. ಆದ್ದರಿಂದ ಹೊಲಿಸುವ ಮುನ್ನವೇ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಒಣಗಿಸುವುದು ಒಳಿತು. ಗೃಹಬಳಕೆಯ ಬಟ್ಟೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಕಣ್ಣೂರಿನ ಕೈಮಗ್ಗದ ಬಟ್ಟೆಗಳಿಗೂ ಈ ಮಾತು ಅನ್ವಯಿಸುತ್ತದೆ.

ಪಾಲಿಯೆಸ್ಟರ್: 30ರಿಂದ 40 ಡಿಗ್ರಿಯ ನೀರು ಸಾಕು. ಹೆಚ್ಚು ಬಿಸಿನೀರು, ಹೆಚ್ಚು ಹಿಂಡುವಿಕೆಯಿಂದ ಸುಕ್ಕು ಶಾಶ್ವತವಾಗುತ್ತದೆ.

ಬಲೆಯಂಥ ತೆಳು ಪರದೆ: ದಿಂಬಿನ ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ ಯಂತ್ರಕ್ಕೆ ಹಾಕಿದರೆ ಹರಿಯುವ ಭಯವಿರುವುದಿಲ್ಲ.

ಬೆಳಕು ತಡೆಯುವ ಲೇಪಿತ ಪರದೆ: ಹಿಂಡಬಾರದು, ಬ್ಲೀಚ್ ಹಾಕಬಾರದು, ಒದ್ದೆಯಿರುವಾಗ ಮಡಚಿಡಬಾರದು. ಮಡಚಿದಲ್ಲಿ ಲೇಪನ ಅಂಟಿಕೊಂಡು ಕಿತ್ತುಬರುತ್ತದೆ.

ರೇಷ್ಮೆ, ಮಖಮಲ್ಲು: ಡ್ರೈಕ್ಲೀನಿಂಗ್‌ಗೆ ನೀಡುವುದೇ ಕ್ಷೇಮ. ನೀರು ತಾಳುವ ಸಾದಾ ರೇಷ್ಮೆಯಾದರೆ ಅಂಟುವಾಳದ ನೀರಿನಲ್ಲಿ ಮೃದುವಾಗಿ ಅದ್ದಿ ತೆಗೆಯಬಹುದು.

ಒಗೆಯುವ ಕ್ರಮ

ಮೊದಲು ಕೊಕ್ಕೆ, ಬಳೆಗಳನ್ನೆಲ್ಲ ತೆಗೆಯಬೇಕು. ಬಳಿಕ ಅಂಗಳದಲ್ಲಿ ಪರದೆಯನ್ನು ಚೆನ್ನಾಗಿ ಕೊಡವಬೇಕು. ಧೂಳಿರುವಾಗಲೇ ನೀರಿಗೆ ಹಾಕಿದರೆ ಅದು ಕೆಸರಾಗಿ ನೂಲಿನೊಳಗೆ ಇಳಿಯುತ್ತದೆ. ಬಣ್ಣ ಬಿಡುವುದೇ ಎಂದು ತಿಳಿಯಲು ಒಳಅಂಚನ್ನು ಒದ್ದೆ ಮಾಡಿ ಬಿಳಿಬಟ್ಟೆಯಿಂದ ಒತ್ತಿ ನೋಡಬೇಕು. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ, ಅಂಗಡಿಯಿಂದ ತಂದ ಬಟ್ಟೆಯ ಬಿಡುವ ಬಣ್ಣವನ್ನು ಉಪ್ಪು ನಿಲ್ಲಿಸಲಾರದು. ಅಂಥದನ್ನು ತಣ್ಣೀರಿನಲ್ಲಿ ಪ್ರತ್ಯೇಕವಾಗಿ ಒಗೆಯುವುದೊಂದೇ ದಾರಿ.

ಅರ್ಧ ಗಂಟೆ ಬರಿಯ ತಣ್ಣೀರಿನಲ್ಲಿ ನೆನೆಸಿದರೆ ಉಪ್ಪಿನಂಶ ಹಾಗೂ ಧೂಳು ಬಹುಪಾಲು ಕರಗಿ ಹೋಗುತ್ತದೆ. ಆ ನೀರನ್ನು ಚೆಲ್ಲಿದ ಅನಂತರವೇ ಸಾಬೂನು ಪುಡಿ ಬಳಸಬೇಕು. ಯಂತ್ರವನ್ನು ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬಾರದು; ನೀರು ಕುಡಿದ ದಪ್ಪ ಪರದೆಯ ಭಾರ ಇಮ್ಮಡಿಯನ್ನೂ ಮೀರಬಹುದು. ಉಬ್ಬಸದ ರೋಗಿಗಳಿರುವ ಮನೆಯಲ್ಲಿ, ಬಟ್ಟೆ ತಾಳುವುದಾದರೆ, 60 ಡಿಗ್ರಿಯ ಬಿಸಿನೀರಿನಲ್ಲಿ ಒಗೆಯಬೇಕು. ಅಲರ್ಜಿಗೆ ಕಾರಣವಾಗುವ ಧೂಳಿನ ನುಸಿಗಳು ಆ ಶಾಖದಲ್ಲಿ ಸಾಯುತ್ತವೆ.

ಗಂಜಿ ತಿಳಿಯ ವಿಷಯದಲ್ಲಿಯೂ ಎಚ್ಚರ ಬೇಕು. ಹತ್ತಿ ಪರದೆಗೆ ಗಂಜಿ ಹಾಕಿದರೆ ನಿಲುವು ಚೆನ್ನಾಗಿರುತ್ತದೆ ಎಂಬುದು ನಿಜ. ಆದರೆ ಕುಚ್ಚಲಕ್ಕಿಯ ತಿಳಿ ಬಿಳಿಬಟ್ಟೆಗೆ ಕಂದು ಛಾಯೆ ತರುವುದರಿಂದ ಬೆಳ್ತಿಗೆ ಅಕ್ಕಿಯ ತಿಳಿಯನ್ನೇ ಸೋಸಿ ಬಳಸಬೇಕು. ಮಳೆಗಾಲದಲ್ಲಂತೂ ಗಂಜಿ ಬೇಡವೇ ಬೇಡ. ಅದರಲ್ಲಿರುವ ಪಿಷ್ಟ ಬೂಷ್ಟಿಗೂ ಜಿರಲೆ ಮುಂತಾದ ಕೀಟಗಳಿಗೂ ಆಹಾರವಾಗುತ್ತದೆ.

ಬೂಷ್ಟು ಮತ್ತು ಕಲೆಗಳ ನಿವಾರಣೆ

ಬೂಷ್ಟು ಹಿಡಿದ ಪರದೆಯನ್ನು ಮನೆಯೊಳಗೆ ಕೊಡವಬಾರದು. ಅದರ ಕಣಗಳು ಕೋಣೆಯೆಲ್ಲ ಹರಡಿ ಉಸಿರಿನೊಂದಿಗೆ ಒಳಸೇರುತ್ತವೆ. ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಂಡು, ಹೊರಗೆ ಒಯ್ದು, ಒಣಗಿದ ಮೇಲೆ ಬ್ರಷ್‌ನಿಂದ ಉಜ್ಜಬೇಕು. ಅನಂತರ ಒಂದು ಪಾಲು ಬಿಳಿ ವಿನೆಗರ್‌ಗೆ ನಾಲ್ಕು ಪಾಲು ನೀರು ಬೆರೆಸಿ ಒಂದು ಗಂಟೆ ನೆನೆಸಿ, ಎಂದಿನಂತೆ ಒಗೆದು ಬಿಸಿಲಿಗೆ ಹಾಕಬೇಕು. ಕರಿಚುಕ್ಕೆ ಉಳಿದರೆ ಕ್ಲೋರಿನ್ ಇಲ್ಲದ ಆಮ್ಲಜನಕ ಬ್ಲೀಚನ್ನು ಬಳಸಬಹುದು. ರೇಷ್ಮೆಗೆ ಇದು ಸಲ್ಲದು.

ಇಲ್ಲೊಂದು ಗಂಭೀರ ಎಚ್ಚರಿಕೆ: ಕ್ಲೋರಿನ್ ಬ್ಲೀಚಿನೊಂದಿಗೆ ವಿನೆಗರ್, ಲಿಂಬೆರಸ ಅಥವಾ ಶೌಚಾಲಯ ತೊಳೆಯುವ ಆಮ್ಲವನ್ನು ಎಂದಿಗೂ ಬೆರೆಸಕೂಡದು. ಹೀಗೆ ಬೆರೆಸಿದಾಗ ಹೊರಬರುವ ಕ್ಲೋರಿನ್ ಅನಿಲ ವಿಷಕಾರಿ; ಮುಚ್ಚಿದ ಬಚ್ಚಲುಮನೆಯಲ್ಲಿ ಪ್ರಾಣಕ್ಕೇ ಅಪಾಯ ತರಬಲ್ಲದು.

ಮುರಕಲ್ಲಿನ ನೆಲದ ಕೆಲವು ಬಾವಿ, ಕೊಳವೆಬಾವಿಗಳ ನೀರಿನಲ್ಲಿ ಕಬ್ಬಿಣದ ಅಂಶವಿರುತ್ತದೆ. ಅಂಥ ನೀರಿನಲ್ಲಿ ಒಗೆದ ಬಿಳಿಪರದೆ ಕ್ರಮೇಣ ಹಳದಿಯಾಗುತ್ತದೆ. ಇದಕ್ಕೆ ಕ್ಲೋರಿನ್ ಬ್ಲೀಚ್ ಹಾಕಿದರೆ ಕಬ್ಬಿಣ ಇನ್ನಷ್ಟು ತುಕ್ಕಾಗಿ ಕಲೆ ಗಾಢವಾಗುತ್ತದೆ. ಬದಲಾಗಿ ಕಲೆಯ ಮೇಲೆ ಲಿಂಬೆರಸ ಹಾಗೂ ಉಪ್ಪು ಸವರಿ, ಸ್ವಲ್ಪ ಹೊತ್ತು ಬಿಸಿಲಿಗಿಟ್ಟು ತೊಳೆಯಬೇಕು. ಬಣ್ಣದ ಬಟ್ಟೆಯಾದರೆ ಮೊದಲು ಮೂಲೆಯಲ್ಲಿ ಪರೀಕ್ಷಿಸಬೇಕು. ಕಾಪು, ಮಲ್ಪೆಯಂತಹ ಕಡಲತಡಿಯವರು ಸ್ಟೀಲ್ ಅಥವಾ ಪ್ಲಾಸ್ಟಿಕ್ ಕೊಕ್ಕೆಗಳನ್ನು ಬಳಸಿದರೆ ಅರ್ಧ ತೊಂದರೆ ತಪ್ಪುತ್ತದೆ.

ಒಣಗಿಸುವುದೇ ದೊಡ್ಡ ಕೆಲಸ

ಬಣ್ಣದ ಪರದೆಯನ್ನು ಒಳಮೈ ಹೊರಗೆ ಮಾಡಿ ನೆರಳಿನಲ್ಲಿಯೂ, ಬಿಳಿಯದನ್ನು ಬಿಸಿಲಿನಲ್ಲಿಯೂ ಹರವಬೇಕು. ಬೇಸಗೆಯಲ್ಲಿ ಪಾಲಿಯೆಸ್ಟರ್ ಪರದೆಯನ್ನು ತುಸು ತೇವವಿರುವಾಗಲೇ ರಾಡಿಗೆ ಹಾಕಿದರೆ ತನ್ನ ಭಾರಕ್ಕೇ ಸುಕ್ಕು ಬಿಡುತ್ತದೆ, ಇಸ್ತ್ರಿಯ ಅಗತ್ಯ ಬೀಳದು. ಮಳೆಗಾಲದಲ್ಲಿ ಈ ಉಪಾಯ ಮಾಡಿದರೆ ಎರಡೇ ದಿನದಲ್ಲಿ ಮುಗ್ಗಲು ವಾಸನೆ ಬರುತ್ತದೆ. ವಸತಿ ಸಮುಚ್ಚಯಗಳಲ್ಲಿ ಇರುವವರು ಒಂದು ಸಲಕ್ಕೆ ಒಂದು ಕಿಟಕಿಯ ಪರದೆಯನ್ನಷ್ಟೇ ಒಗೆದು, ಯಂತ್ರದಲ್ಲಿ ಎರಡು ಬಾರಿ ಹಿಂಡಿ, ಫ್ಯಾನಿನ ಕೆಳಗೆ ಅಥವಾ ಎ.ಸಿ.ಯ ಡ್ರೈ ವ್ಯವಸ್ಥೆಯಲ್ಲಿ ಒಣಗಿಸಬಹುದು. ಬಚ್ಚಲ ಒಲೆಯ ಮೇಲ್ಭಾಗದಲ್ಲಿ ಬಟ್ಟೆ ಹಾಕುವ ಹಳೆಯ ರೂಢಿಯಿಂದ ಹೊಗೆವಾಸನೆ ಅಂಟುವುದಲ್ಲದೆ ಬೆಂಕಿಯ ಭಯವೂ ಇದೆ.

ಸುರಕ್ಷತೆಯ ಮಾತು

ದೇವರ ಕೋಣೆಯ ನಂದಾದೀಪ ಹಾಗೂ ಅಡುಗೆಮನೆಯ ಒಲೆಯ ಬಳಿ ತೂಗುವ ಪರದೆ ಗಾಳಿಗೆ ಹಾರಿದರೆ ಉರಿಗೆ ತಾಗುವ ದೂರದಲ್ಲಿರಕೂಡದು. ಅಂಥ ಕಡೆ ಗಿಡ್ಡ ಹತ್ತಿ ಪರದೆಯನ್ನು ಹಾಕಿ ಬದಿಗೆ ಬಿಗಿದು ಕಟ್ಟಬೇಕು. ಪರದೆ ಎಳೆಯುವ ಹಗ್ಗದ ಕುಣಿಕೆ ಪುಟ್ಟ ಮಕ್ಕಳ ಕೊರಳಿಗೆ ಸಿಲುಕುವ ಸಂಭವವಿರುವುದರಿಂದ ಅದನ್ನು ಕೈಗೆಟುಕದಷ್ಟು ಎತ್ತರಕ್ಕೆ ಕಟ್ಟಬೇಕು. ತೊಟ್ಟಿಲನ್ನು ಕಿಟಕಿಯ ಪಕ್ಕ ಇಡಬಾರದು. ಪರದೆ ಬಿಚ್ಚುವಾಗ ಕುರ್ಚಿಯ ಮೇಲೆ ಸ್ಟೂಲ್ ಇಟ್ಟು ಹತ್ತುವುದೂ ಬೇಡ. ಗಟ್ಟಿಯಾದ ಏಣಿಯಿರಲಿ, ಅದನ್ನು ಹಿಡಿಯಲು ಇನ್ನೊಬ್ಬರಿರಲಿ.

ತೆಗೆದಿಡುವ ಪರದೆಗಳನ್ನು ಸಂಪೂರ್ಣ ಒಣಗಿಸಿ, ಪ್ಲಾಸ್ಟಿಕ್ ಚೀಲದ ಬದಲು ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ ಕಪಾಟಿನ ಮೇಲಿನ ಅಂತಸ್ತಿನಲ್ಲಿರಿಸಬೇಕು. ಒಣ ಬೇವಿನ ಎಲೆಗಳನ್ನು ನಡುವೆ ಇಡುವುದು ರೂಢಿ. ಇಷ್ಟು ಕಾಳಜಿ ವಹಿಸಿದಲ್ಲಿ ಒಳ್ಳೆಯ ಪರದೆಯೊಂದು ಹಲವು ಮಳೆಗಾಲಗಳನ್ನು ದಾಟಿ ಬಾಳುವುದರಲ್ಲಿ ಸಂದೇಹವಿಲ್ಲ. ಮನೆಮಂದಿಯ ಉಸಿರಾಟಕ್ಕೂ ಅದರಿಂದ ನೆಮ್ಮದಿ ದೊರೆತೀತು.